ಸಹಾಯ ಬೇಕು: ಟೆಕ್ನಾಲಜಿ ಮತ್ತು ಕಲಿಕೆ ಬಗ್ಗೆ ರಿಸರ್ಚ್ ಟಾಪಿಕ್

ಎಲ್ರಿಗೂ ನಮಸ್ಕಾರ, ನಾನು ಎಂ.ಎಡ್ ಮಾಡ್ತಿದೀನಿ, ಊರು ಸೋಮವಾರಪೇಟೆ ಕಡೆ. ಟೆಕ್ನಾಲಜಿಯಿಂದ ಪಾಠ, ಕಲಿಕೆ ಹೇಗೆ ಬದಲಾಗ್ತಿದೆ ಅಂತ ಡಿಸರ್ಟೇಶನ್ ಮಾಡ್ಬೇಕು ಅಂತಿದೀನಿ, ಆದ್ರೆ ಗೈಡ್ ಇದು ತುಂಬಾ ದೊಡ್ಡದಾಯ್ತು, ಚಿಕ್ಕದು ಮಾಡ್ಕೊಂಡು ಬನ್ನಿ ಅಂದಿದಾರೆ.

ನನ್ನ ತಲೇಲಿರೋದು ಹೇಳ್ತೀನಿ. ಜುಲೈ ಆಗಸ್ಟಲ್ಲಿ ನಮ್ಮಲ್ಲಿ ಮಳೆ ರಜೆ ಮೇಲೆ ರಜೆ, ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ನೆಟ್ವರ್ಕೂ ಹೋಗುತ್ತೆ, ಅಂಥ ಟೈಮಲ್ಲಿ ಟೀಚರ್ ವಾಟ್ಸಾಪಿಗೆ ಹಾಕಿದ ವಿಡಿಯೋ ಯಾವ ಮಕ್ಕಳಿಗೆ ತಲುಪುತ್ತೆ, ಮನೇಲಿರೋ ಒಂದೇ ಫೋನು ಅಪ್ಪನ ಜೊತೆ ತೋಟಕ್ಕೆ ಹೋಗಿದ್ರೆ ಆ ಮಗು ಯಾವಾಗ ನೋಡುತ್ತೆ, ನೋಡಿದ್ರೂ ಡೌಟ್ ಯಾರನ್ನ ಕೇಳುತ್ತೆ? ಕೊರೊನಾ ಟೈಮಲ್ಲಿ ಚಂದನದಲ್ಲಿ ಪಾಠ ಬರ್ತಿತ್ತಲ್ಲ, ಅದಕ್ಕೆ ನೆಟ್ ಬೇಕಿರ್ಲಿಲ್ಲ, ಅದನ್ನೂ ಇದರ ಜೊತೆ ಹೋಲಿಸಬಹುದಾ?

ಇನ್ನೊಂದು ನನಗೆ ಜಾಸ್ತಿ ಇಷ್ಟ. ಹಾಡಿ (ಆದಿವಾಸಿಗಳ ವಸತಿ) ಮಕ್ಕಳಿಗೆ ಮನೇಲಿ ಯರವ ಇಲ್ಲಾ ಜೇನುಕುರುಬ ಭಾಷೆ, ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದೀಕ್ಷಾ ಅನ್ನೋ ಸರ್ಕಾರಿ ಕಲಿಕಾ ಆ್ಯಪಲ್ಲಿ ಬರೋದು ಪುಸ್ತಕದ ಕನ್ನಡ. ಅದೇ ಪಾಠನ ಅವರ ಮಾತಲ್ಲಿ ಆಡಿಯೋ ಮಾಡಿ ಕೇಳಿಸಿ, ಮೊದಲೊಂದು ಟೆಸ್ಟ್ ಆಮೇಲೊಂದು ಟೆಸ್ಟ್ ಕೊಟ್ರೆ ವ್ಯತ್ಯಾಸ ಗೊತ್ತಾಗುತ್ತೆ ಅನ್ಸುತ್ತೆ. ಈ ಮಕ್ಕಳ ಬಗ್ಗೆ ಯಾರಾದ್ರೂ ಸರಿಯಾಗಿ ಕೇಳ್ಲೇಬೇಕು ಅನ್ನೋದು ನನ್ನ ಆಸೆ.

ವಿರಾಜಪೇಟೆ, ಪೊನ್ನಂಪೇಟೆ ಕಡೆ ಪಾಠ ಮಾಡ್ತಿರೋ ಸರ್, ಮೇಡಂ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಒಂದು ಶಾಲೆ ಸಾಕಾ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಪರ್ಮಿಷನ್ ಜೊತೆ ಪೋಷಕರ ಒಪ್ಪಿಗೆ ಹೇಗೆ ತಗೊಂಡ್ರಿ? ಕನ್ನಡದಲ್ಲಿ ಪ್ರಶ್ನಾವಳಿ ಇದ್ರೆ ಕಳಿಸಿ ಪ್ಲೀಸ್, ಸಿನಾಪ್ಸಿಸ್ ಕೊಡೋ ಟೈಮ್ ಹತ್ರ ಬಂತು.