ಪದಚರ್ಚೆ: ಎಐ ಕೊಟ್ಟ ಚಿತ್ರವನ್ನು ‘ತಿದ್ದುವುದೋ’, ‘ಮತ್ತೆ ಬಿಡಿಸುವುದೋ’?

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ.

ಆನಿಮೇಷನ್ ಕೆಲಸದ ಕರಾರು ಪತ್ರವೊಂದು ಕನ್ನಡಕ್ಕೆ ಬರುತ್ತಿದೆ. ಊರಲ್ಲೇ ಕೂತು, ಚಿತ್ರಕ್ಕಿಷ್ಟು ಎಂಬ ಲೆಕ್ಕದಲ್ಲಿ ಹೊರಗಿನ ಕೆಲಸ ಹಿಡಿಯುವ ಹುಡುಗ ಹುಡುಗಿಯರು ಸಹಿ ಹಾಕುವ ಮುಂಚೆ ಓದಿದರೆ ಅರ್ಥವಾಗಬೇಕು, ಅಷ್ಟೇ ಉದ್ದೇಶ. ಮೂರು ಕಡೆ ಸಿಕ್ಕು ಬಿದ್ದಿದೆ.

ಒಂದು, ಇನ್‌ಬಿಟ್ವೀನ್. ಚಲನೆಯ ಮುಖ್ಯ ಘಟ್ಟಗಳನ್ನು ತೋರಿಸುವ ಎರಡು ಕೀ ಚಿತ್ರಗಳ ನಡುವೆ ತುಂಬುವ ಚಿತ್ರ. ಕರಡಿನಲ್ಲಿ ಇದು ‘ಮಧ್ಯಂತರ’ ಆಗಿದೆ. ಓದಿದವರಿಗೆ ಟಾಕೀಸಿನ ಇಂಟರ್‌ವಲ್ಲೇ ಕಣ್ಣಿಗೆ ಬರುತ್ತದೆ. ಕೀಫ್ರೇಮ್ ‘ಕೀಲಿ ಚೌಕಟ್ಟು’ ಆಗಿದೆ. ಎರಡು ಕೀಗಳ ನಡುವೆ ಚಲನೆಯ ದಾರಿ ತೋರಿಸುವ ಬ್ರೇಕ್‌ಡೌನ್ ಅಂತೂ ‘ಕೆಟ್ಟು ನಿಲ್ಲುವಿಕೆ’, ಬಸ್ಸಿನ ಹಾಗೆ.

ಎರಡು, ‘ಎಐ ಕ್ಲೀನ್‌ಅಪ್’. ಎಐ ಕೊಟ್ಟ ಚಿತ್ರಗಳನ್ನು ಕಲಾವಿದರು ಸರಿಮಾಡುವ ಕೆಲಸ. ಕರಡಿನಲ್ಲಿ ‘ತಿದ್ದುವುದು’ ಎಂದಿದೆ. ಸಾಕೇ?

ಮೂರು, ‘ಸಲ್ಲಿಸಿದ ಚಿತ್ರಗಳನ್ನು ತರಬೇತಿಗಾಗಿ ಬಳಸಿಕೊಳ್ಳಬಹುದು’ ಎಂಬ ಸಾಲು. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಏನೋ ಸರಿಯಿಲ್ಲ.

ಉತ್ತರ, ಚಿತ್ರದುರ್ಗದಿಂದ

ಮೇಡಂ, ಎರಡನೆಯದರಿಂದಲೇ ಶುರು ಮಾಡೋಣ, ದುಡ್ಡು ಇರುವುದು ಅಲ್ಲೇ.

ತಿದ್ದುವುದು ಅಂದರೆ ಇರುವುದನ್ನು ಇಟ್ಟುಕೊಂಡು ತಪ್ಪಿದ್ದಷ್ಟನ್ನು ಸರಿಮಾಡುವುದು. ಪೇಪರ್ ತಿದ್ದುವ ಮೇಷ್ಟ್ರು ಉತ್ತರ ಬರೆಯುವುದಿಲ್ಲ. ಎಐ ಕೊಟ್ಟ ನಡುಚಿತ್ರಗಳಲ್ಲಿ (ಇನ್‌ಬಿಟ್ವೀನ್‌ಗೆ ನಾನು ಹೇಳುವ ಪದ) ಎಷ್ಟೋ ಹಾಗೆ ತಿದ್ದಿದರೆ ನಿಲ್ಲುವಂಥವಲ್ಲ. ಏಕೆಂದು ಒಂದು ಶಾಟ್ ಇಟ್ಟುಕೊಂಡೇ ನೋಡಿ.

ಹುಡುಗಿಯೊಬ್ಬಳು ತುಂಬಿದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುತ್ತಾಳೆ. ಎರಡು ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್, ಒಟ್ಟು 48. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ 24 ಚಿತ್ರ ಬೇಕು. ಅವಕ್ಕೆ 1, 3, 5 ಎಂದು ಬೆಸ ಸಂಖ್ಯೆ. 1, 13, 25, 37, 47 ಕೀ. ಉಳಿದ 19 ನಡುಚಿತ್ರ.

ಕೀ ಚಿತ್ರದ ಅಂಚಿನಲ್ಲಿ ಉದ್ದಕ್ಕೊಂದು ಗೆರೆ ಎಳೆದು, ಅದರ ಮೇಲೆ ಅಡ್ಡಗೆರೆ ಹಾಕಿರುತ್ತಾರೆ. ಅದೇ ಟೈಮಿಂಗ್ ಚಾರ್ಟ್, ಒಂದೊಂದು ಅಡ್ಡಗೆರೆಯೂ ಒಂದೊಂದು ನಡುಚಿತ್ರ ಬರಬೇಕಾದ ಜಾಗ. ಕೊಡ ನೆಲ ಬಿಡುವಾಗ ಭಾರ, ಹಾಗಾಗಿ 1ರ ಹತ್ತಿರ ಅಡ್ಡಗೆರೆಗಳು ಒತ್ತೊತ್ತು, 13ರ ಕಡೆಗೆ ಬಿಡಿಬಿಡಿ. ಫ್ರೇಮ್ ತುಂಬುವ ಸಾಫ್ಟ್‌ವೇರಿಗೆ ಸಾಮಾನ್ಯವಾಗಿ ಕೊಡುವುದು 1 ಮತ್ತು 13 ಎರಡೇ ಚಿತ್ರ. ಚಾರ್ಟ್ ಅದಕ್ಕೆ ಗೊತ್ತಿಲ್ಲ. ನಡುವಿನ ಐದನ್ನೂ ಸಮದೂರದಲ್ಲಿ ಹಂಚಿಬಿಡುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಐದೂ ಚೆನ್ನಾಗಿಯೇ ಇರುತ್ತವೆ. ಓಡಿಸಿದರೆ ಕೊಡದಲ್ಲಿ ನೀರೇ ಇಲ್ಲ.

ಇದನ್ನು ಪೆನ್ನು ಮುಟ್ಟದೆಯೂ ಸರಿಮಾಡಬಹುದು. ಐದರ ಬದಲು ಹದಿನೈದು ತುಂಬಿಸಿ, ಚಾರ್ಟಿಗೆ ಹೊಂದುವ ಐದನ್ನು ಹೆಕ್ಕಿ, ಮಿಕ್ಕಿದ್ದನ್ನು ಎಸೆಯುವುದು. ಈ ಕೆಲಸಕ್ಕೆ ‘ಹೆಕ್ಕುವುದು’ ಎಂದೇ ಕರೆಯಿರಿ, ತಿದ್ದುವುದರೊಳಗೆ ಸೇರಿಸಬೇಡಿ.

ತೋಳಿನ ಕಥೆ ಬೇರೆ. ಭುಜದಿಂದ ಕೈ 90 ಡಿಗ್ರಿ ತಿರುಗಿದೆ ಎನ್ನಿ. ಬೆರಳ ತುದಿ ಕಮಾನಿನಲ್ಲಿ ಸಾಗಬೇಕು. ಎರಡು ತುದಿಗೂ ನೇರಗೆರೆ ಹಿಡಿದು ತುಂಬಿದರೆ, ನಟ್ಟನಡುವಿನ ಚಿತ್ರದಲ್ಲಿ 10 ಸೆಂ.ಮೀ. ತೋಳು 7 ಸೆಂ.ಮೀ. ಆಗಿರುತ್ತದೆ. ಮೊಟಕಾದ ತೋಳನ್ನು ತಿದ್ದುವುದು ಅಂತ ಇಲ್ಲ. ಭುಜ, ಮೊಣಕೈ, ಬಳೆ, ತೋಳಿನ ಮಡಿಕೆ ಎಲ್ಲವೂ ಜಾಗ ಬದಲಾಯಿಸುತ್ತವೆ. ಅದಕ್ಕೇ ಬ್ರೇಕ್‌ಡೌನ್, ಅಂದರೆ ಕಮಾನು ಎಲ್ಲಿ ಹಾದುಹೋಗುತ್ತದೆಂದು ತೋರಿಸುವ 7ನೇ ಚಿತ್ರವನ್ನು ಕೈಯಲ್ಲೇ ಬಿಡಿಸಿ ಕೊಡುವುದು ಜಾಣತನ. ಆಗ 45 ಡಿಗ್ರಿಯ ಎರಡು ತುಂಡಾಗುತ್ತದೆ, ತೋಳು 9.2ಕ್ಕಿಂತ ಕೆಳಗಿಳಿಯುವುದಿಲ್ಲ. ಅಷ್ಟನ್ನು ತಿದ್ದಬಹುದು.

ಇನ್ನು ಬಳೆ ಕೊಡದ ಹಿಂದಕ್ಕೆ ಸರಿಯುವ ಜಾಗ. ಒಂದು ಕೀಯಲ್ಲಿ ಬಳೆ ಇದೆ, ಇನ್ನೊಂದರಲ್ಲಿ ಇಲ್ಲ. ಮುಂದೆ ಯಾವುದು ಹಿಂದೆ ಯಾವುದು ಎಂದು ತಿಳಿಯದೆ ಬಳೆಯನ್ನು ಕೊಡದ ಕಂಠಕ್ಕೆ ಮೇಣದ ಹಾಗೆ ಕರಗಿಸಿಬಿಡುತ್ತದೆ. ಅವಳಿಗೆ ಮೊಳಕಾಲ್ಮೂರು ಸೀರೆ ಉಡಿಸಿದ್ದರೆ ಮುಗಿಯಿತು: 3ನೇ ಚಿತ್ರದಲ್ಲಿ ಸೆರಗಿಗೆ ಏಳು ಬುಟ್ಟಾ, 5ರಲ್ಲಿ ಆರು, 9ರಲ್ಲಿ ಎಂಟು. ಬುಟ್ಟಾ ಇಲ್ಲದ ಸೀರೆಯನ್ನು ತುಂಬಿಸಿ, ಬುಟ್ಟಾಗಳನ್ನು ಬೇರೆ ಪದರದಲ್ಲಿ ಕೂರಿಸುವುದೇ ಇದಕ್ಕೆ ದಾರಿ. ಕನ್ನಡ ಬೋರ್ಡುಗಳಿಗೂ ಇದೇ ಉಪಾಯ, ಬೋರ್ಡ್ ಖಾಲಿ ಬಿಟ್ಟು ಅಕ್ಷರವನ್ನು ಆಮೇಲೆ ಹಾಕುವುದು. ಇಲ್ಲದಿದ್ದರೆ ‘ಚಿತ್ರದುರ್ಗ’ದ ತ್ರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ.

ಬಣ್ಣದವರ ಗೋಳನ್ನೂ ಸೇರಿಸಿಬಿಡುತ್ತೇನೆ. ಎಐ ಕೊಡುವುದು ಗೆರೆಯಲ್ಲ, ಗೆರೆಯಂತೆ ಕಾಣುವ ಚುಕ್ಕೆಗಳ ರಾಶಿ. ಅಂಚು ಮಸುಕು, ಅಲ್ಲಲ್ಲಿ ಬಿರುಕು. ಬಣ್ಣ ಸುರಿದರೆ ಕುಪ್ಪಸದ ಕೆಂಪು ಕುತ್ತಿಗೆಗೆ ಸೋರುತ್ತದೆ. ಮೊದಲು ಗೆರೆ ಮುಚ್ಚಬೇಕು, ಆಮೇಲೆ ಬಣ್ಣ.

ಈಗ ಲೆಕ್ಕ. ಒಂದು ನಡುಚಿತ್ರಕ್ಕೆ 100 ರೂಪಾಯಿ, ತಿದ್ದಲು 30 ಎಂದಿಟ್ಟುಕೊಳ್ಳಿ, ಉದಾಹರಣೆಗೆ ಮಾತ್ರ. ಕರಾರಿನಲ್ಲಿ ಬರೀ ‘ತಿದ್ದುವುದು’ ಎಂದಿದ್ದರೆ 19 ಚಿತ್ರಕ್ಕೆ 570. ಅದರಲ್ಲಿ 11 ಹೊಸದಾಗಿ ಬಿಡಿಸಿದ್ದು, 8 ತಿದ್ದಿದ್ದು ಎಂದು ಬರೆದರೆ 1,340. ಕೆಲಸ ಅದೇ, ರಾತ್ರಿ ಕೂತ ಹೊತ್ತೂ ಅದೇ. 770 ರೂಪಾಯಿ ಹೋದದ್ದು ಒಂದು ಕ್ರಿಯಾಪದದಲ್ಲಿ.

ಮೊದಲನೆಯದಕ್ಕೆ ‘ನಡುಚಿತ್ರ’ ಸಾಕು. ಕೀ, ಬ್ರೇಕ್‌ಡೌನ್ ಹಾಗೇ ಇರಲಿ; ಲೈಟ್ ಬಾಕ್ಸ್ (ಚಿತ್ರ ಬಿಡಿಸಲು ಕೆಳಗಿನಿಂದ ಬೆಳಕು ಬರುವ ಹಲಗೆ) ಮುಂದೆ ಕೂತವರು ಬೇರೆ ಏನನ್ನೂ ಅನ್ನುವುದಿಲ್ಲ.

ಉತ್ತರ, ದಾವಣಗೆರೆಯಿಂದ ಮತ್ತೊಬ್ಬರು

ದುರ್ಗದ ಮೇಷ್ಟ್ರ ಲೆಕ್ಕ ಸರಿ. ಆದರೆ ‘ತಿದ್ದು’ ಪದಕ್ಕೆ ಅವರು ಅರ್ಧ ಅರ್ಥ ಮಾತ್ರ ಕೊಟ್ಟರು. ಮಗುವಿಗೆ ಮರಳಿನ ಮೇಲೋ ಸ್ಲೇಟಿನ ಮೇಲೋ ಅಕ್ಷರ ತಿದ್ದಿಸುತ್ತಾರೆ. ಅಲ್ಲಿ ಮಗು ತಪ್ಪು ಹುಡುಕುತ್ತಿಲ್ಲ, ಬರೆದುಕೊಟ್ಟ ಗೆರೆಯ ಮೇಲೆ ಬೆರಳಾಡಿಸಿ ಕೈ ಪಳಗಿಸಿಕೊಳ್ಳುತ್ತಿದೆ. ನಡುಚಿತ್ರ ಬಿಡಿಸುವುದೂ ಹೊಸಬರಿಗೆ ಇಷ್ಟು ಕಾಲ ಆಗಿದ್ದದ್ದು ಇದೇ ತಿದ್ದುವಿಕೆ. ಜಪಾನಿನವರು ಕೀ ಚಿತ್ರಕ್ಕೆ ಗೆಂಗಾ, ನಡುಚಿತ್ರಕ್ಕೆ ದೋಗಾ ಅನ್ನುತ್ತಾರೆ. ದೋಗಾದವರು ಹಿರಿಯರ ಗೆಂಗಾದ ಮೇಲೆ ಕಾಗದ ಇಟ್ಟು ಗೆರೆ ಚೊಕ್ಕ ಮಾಡುತ್ತಾರೆ, ನಡುವಿನದನ್ನು ತುಂಬುತ್ತಾರೆ. ಕೈ ಪಳಗಿದ ಮೇಲೆ ಗೆಂಗಾಕ್ಕೆ ಏರುತ್ತಾರೆ. ನಡುಚಿತ್ರ ಎಐಗೆ ಹೋದರೆ ಹೊಸಬರಿಗೆ ಉಳಿಯುವುದು ಪೇಪರ್ ತಿದ್ದುವ ಕೆಲಸ. ಅದಕ್ಕೆ ಬೇಕಾದ ಕಣ್ಣು ಅಕ್ಷರ ತಿದ್ದದೆ ಬರುವುದಿಲ್ಲ. ಒಂದೇ ಪದದ ಎರಡು ಅರ್ಥ ಈಗ ಜಗಳಕ್ಕೆ ನಿಂತಿವೆ.

ಹಾಗಂತ ಎಲ್ಲ ಬಳಕೆಯೂ ಒಂದೇ ಅಲ್ಲ. 2018ರ ‘ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್’ ಚಿತ್ರದಲ್ಲಿ ಮುಖದ ಮೇಲಿನ ಶಾಯಿಗೆರೆಗಳು ಎಲ್ಲಿ ಬರಬಹುದೆಂದು ಕಂಪ್ಯೂಟರ್ ಊಹಿಸುತ್ತಿತ್ತು. ಕಲಿತದ್ದು ಕಲಾವಿದರು ಎಳೆದ ಗೆರೆಗಳಿಂದಲೇ, ಊಹೆಯನ್ನು ಸರಿಪಡಿಸುತ್ತಿದ್ದವರೂ ಕಲಾವಿದರೇ. ಅಲ್ಲಿ ‘ತಿದ್ದು’ ಪದ ಸರಿಯಾಗಿ ಕೂರುತ್ತದೆ.

ಚಿತ್ರ ಸರಿಯಿದ್ದು ಗೆರೆ ಮಾತ್ರ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿದ್ದರೆ ಅದಕ್ಕೆ ‘ತೀಡು’ ಇದೆ. ಹುಬ್ಬು ತೀಡುತ್ತೇವೆ, ಮೀಸೆ ತೀಡುತ್ತೇವೆ. ಇದ್ದದ್ದಕ್ಕೆ ಒಪ್ಪ ಕೊಡುವುದು. ಬಣ್ಣಕ್ಕೆ ಮುಂಚಿನ ಗೆರೆ ಮುಚ್ಚುವ ಕೆಲಸವೂ ಇದರಲ್ಲೇ ಬರುತ್ತದೆ.

ಇನ್ನೊಂದು ತಕರಾರು. ‘ಎಐ ಬಿಡಿಸಿದ ಚಿತ್ರ’ ಎಂದು ಪತ್ರಿಕೆಗಳಲ್ಲಿ ಬರುತ್ತಿದೆ. ಬಟಾಣಿ ಬಿಡಿಸು, ಸಿಕ್ಕು ಬಿಡಿಸು, ಒಗಟು ಬಿಡಿಸು: ಒಳಗೆ ಸೇರಿಕೊಂಡಿದ್ದನ್ನು ಹೊರತೆಗೆಯುವ ಕೈ ಆ ಪದದಲ್ಲಿದೆ. ಚುಕ್ಕಿ ರಂಗೋಲಿ ನೋಡಿ, ಅವೇ ಚುಕ್ಕಿಗಳಿಗೆ ಒಬ್ಬಾಕೆ ಕಮಲ ಎಳೆಯುತ್ತಾಳೆ, ಪಕ್ಕದ ಮನೆಯಾಕೆ ತೇರು. ಕೀ ಚಿತ್ರಗಳು ಚುಕ್ಕಿ ಇದ್ದ ಹಾಗೆ. ಎಳೆ ಯಾವ ಕಡೆ ಬಳಸಿ ಬರಬೇಕೆಂಬುದು ಚುಕ್ಕಿಯಲ್ಲಿ ಇರುವುದಿಲ್ಲ. ಎಐಗೆ ‘ತುಂಬಿಸಿದ ಚಿತ್ರ’ ಎಂದರೆ ಸಾಕು.

ಉತ್ತರ, ಚಿತ್ರದುರ್ಗದಿಂದ ಮತ್ತೊಬ್ಬರು

ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ.

‘ತರಬೇತಿಗಾಗಿ ಬಳಸಿಕೊಳ್ಳಬಹುದು’ ಎಂದು ಓದಿದರೆ, ಮುಂದೆ ಸೇರುವ ಹುಡುಗರಿಗೆ ತೋರಿಸಿ ಕಲಿಸುತ್ತಾರೆ ಎಂದೇ ಅರ್ಥವಾಗುತ್ತದೆ. ಯಾರು ಬೇಡ ಅಂತಾರೆ? ಖುಷಿಯಿಂದ ಸಹಿ ಹಾಕುತ್ತಾರೆ. ಇಲ್ಲಿ ಕಲಿಯುವುದು ಹುಡುಗರಲ್ಲ, ಸಾಫ್ಟ್‌ವೇರ್. ‘ಎಐಗೆ ಉಣಿಸುವುದು’ ಎಂದು ಬರೆಯಿರಿ. ಉಂಡದ್ದನ್ನು ವಾಪಸ್ ಕೊಡಲಾಗದು ಎಂಬುದೂ ಆ ಪದದಲ್ಲೇ ಇದೆ. ಎಐ ಮಾದರಿ ಒಮ್ಮೆ ಕಲಿತ ಮೇಲೆ ಒಬ್ಬರ ಚಿತ್ರಗಳನ್ನಷ್ಟೇ ಅದರಿಂದ ತೆಗೆಯುವುದು ಬಹಳ ಕಷ್ಟ.

ಹಕ್ಕನ್ನು ಬರೆದುಕೊಡುವಾಗ ಎಷ್ಟು ವರ್ಷಕ್ಕೆ, ಎಲ್ಲಿಗೆ ಎಂಬುದನ್ನೂ ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ಹೇಳದಿದ್ದರೆ 5 ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ. ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಕರಾರಿನಲ್ಲಿ ಸೇರಿಸುವುದು ಇದನ್ನು ದಾಟಲಿಕ್ಕೇ. ಕಂಪ್ಯೂಟರ್ ತಯಾರಿಸಿದ ಕೃತಿಗೆ ಕರ್ತೃ ಯಾರೆಂದರೆ ಅದು ಉಂಟಾಗಲು ‘ಕಾರಣನಾದ ವ್ಯಕ್ತಿ’ ಎನ್ನುತ್ತದೆ ಅದೇ ಕಾಯ್ದೆ. 1994ರ ತಿದ್ದುಪಡಿಯ ಮಾತು ಅದು, ಈಗಿನ ಎಐ ಬರುವ ಎಷ್ಟೋ ಮುಂಚಿನದು. ಕಾರಣನಾದವನು ಕೀ ಬಿಡಿಸಿದವನೋ, ಬಟನ್ ಒತ್ತಿದವನೋ ಎಂಬ ಜಗಳಕ್ಕೆ ಜಾಗ ಕೊಡದೆ ಕರಾರಿನಲ್ಲೇ ಬರೆದುಕೊಳ್ಳಿ. ಟೈಟಲ್ ಕಾರ್ಡಿನಲ್ಲಿ ಹೆಸರು ಬರುವ ಬಗ್ಗೆಯೂ ಒಂದು ಸಾಲು ಇರಲಿ. 2023ರಲ್ಲಿ ನೆಟ್‌ಫ್ಲಿಕ್ಸ್ ಜಪಾನಿನ ಕಿರುಚಿತ್ರವೊಂದರಲ್ಲಿ ಹಿನ್ನೆಲೆ ಚಿತ್ರದವರ ಹೆಸರಿನ ಜಾಗದಲ್ಲಿ ‘ಎಐ (+ಮನುಷ್ಯ)’ ಎಂದಿತ್ತು. ಆವರಣದೊಳಗೆ ಕೂತವರಿಗೆ ಹೆಸರೂ ಇರಲಿಲ್ಲ.

‘ಕೀಲಿ ಚೌಕಟ್ಟು’ ತೆಗೆಯಲೇಬೇಕು, ನಗು ಬರುತ್ತದೆಂದಲ್ಲ. ತೊಗಲುಗೊಂಬೆಯ ಮೊಣಕೈ ಸೇರಿಸುವ ಜಾಗ ‘ಕೀಲು’. ಕೈಕಾಲುಗಳನ್ನು ಬಿಡಿ ತುಂಡಾಗಿ ಮಾಡಿ ಜೋಡಿಸಿ ಆಡಿಸುವ ಕಟ್‌ಔಟ್ ಆನಿಮೇಷನ್ನಿನ ಜಾಯಿಂಟಿಗೆ ಇದೇ ಪದ ಸಲೀಸು, ಆ ತುಂಡುಗಳನ್ನು ಆಡುವಂತೆ ಜೋಡಿಸುವ ರಿಗ್ ಕೆಲಸಕ್ಕೆ ‘ಕೀಲು ಕೂಡಿಸುವುದು’. ಒಂದೇ ಪುಟದಲ್ಲಿ ಕೀ, ಕೀಲಿ, ಕೀಲು ಮೂರೂ ಬಂದರೆ ಗೊಂದಲ. ಮೇಲೆ ಹೇಳಿದ ಮೊಟಕು ತೋಳಿನ ಕಾಟ ಕೀಲುಗೊಂಬೆಗೆ ಇಲ್ಲವೆಂಬುದನ್ನೂ ಗಮನಿಸಿ. ಅಲ್ಲಿ ತೋಳು ಕೀಲಿನ ಸುತ್ತ ತಿರುಗುತ್ತದೆ, ಉದ್ದ ಬದಲಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಸಾಲುಗಳು ಈಗ ಹೀಗಿವೆ:

‘ಎಐ ತುಂಬಿಸಿದ ನಡುಚಿತ್ರಗಳನ್ನು ಕಲಾವಿದರು ಹೆಕ್ಕುವುದು, ತೀಡುವುದು, ತಿದ್ದುವುದು ಅಥವಾ ಮತ್ತೆ ಬಿಡಿಸುವುದು, ನಾಲ್ಕಕ್ಕೂ ದರ ಬೇರೆ ಬೇರೆ. ಮತ್ತೆ ಬಿಡಿಸಿದ ಚಿತ್ರಕ್ಕೆ ಹೊಸ ನಡುಚಿತ್ರದ ಪೂರ್ತಿ ದರ. ಕಲಾವಿದರ ಚಿತ್ರಗಳನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಯಾವುದೇ ಎಐಗೆ ಉಣಿಸುವಂತಿಲ್ಲ.’

ಒಂದು ಅನುಮಾನ ಉಳಿದಿದೆ. ತಿದ್ದಿದ್ದೋ, ಮತ್ತೆ ಬಿಡಿಸಿದ್ದೋ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ, ಚಿತ್ರದುರ್ಗದಿಂದ

ಎಐ ಕೊಟ್ಟ ಮೂಲ ಫೈಲನ್ನು ಅಳಿಸದೆ ಕೆಳಗಿನ ಪದರದಲ್ಲಿ ಇಟ್ಟುಕೊಳ್ಳಲು ಹೇಳಿ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಆಕೃತಿಯ ಹೊರಗೆರೆ ಸರಿದಿದ್ದರೆ ಮತ್ತೆ ಬಿಡಿಸಿದ್ದು. ಒಳಗೆರೆ ಮಾತ್ರ ಬದಲಾಗಿದ್ದರೆ ತಿದ್ದಿದ್ದು. ಬಳೆ ಒಳಗೆರೆಯೇ ಮೇಡಂ, ಆದರೆ ಕೊಡಕ್ಕೆ ಕರಗಿಹೋದ ಬಳೆಯನ್ನು ತಿದ್ದಲಾಗದು, ಅದನ್ನು ಮಾತ್ರ ‘ಮತ್ತೆ ಬಿಡಿಸಿದ್ದು’ ಎಂದೇ ಬರೆಯಿರಿ.