ಫೈಲ್ ಇದ್ದರೂ ಓಪನ್ ಆಗುತ್ತಿಲ್ಲ, ಯಾಕೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಸಣ್ಣ ಫೋಟೋ ಸ್ಟುಡಿಯೋ. ಹೊಸ ಡಿಸ್ಕ್ ಹಾಕಿ, ಮದುವೆ ಫೋಟೋಗಳ ಫೋಲ್ಡರಿಗೆ ಸಿಂಬಾಲಿಕ್ ಲಿಂಕ್ (ಬೇರೆ ಜಾಗವನ್ನು ತೋರಿಸುವ ಹೆಸರು) ಮಾಡಿದೆ. ಈಗ ನನ್ನ ಸಿ ಪ್ರೋಗ್ರಾಂನಲ್ಲಿ ಫೈಲ್ ತೆರೆಯುವ ಓಪನ್ ಕರೆದರೆ 'ಇಲೂಪ್' (ಲಿಂಕ್‌ಗಳು ಜಾಸ್ತಿಯಾದವು ಎಂಬ) ಎರರ್. ನಾಳೆ ಆಲ್ಬಂ ಕೊಡಬೇಕು. ಫೋಟೋ ಹೋಗಿಬಿಟ್ಟವಾ?

ಉತ್ತರ: ಗಾಬರಿ ಬೇಡ ಅಣ್ಣ, ಇದು ಫೈಲಿಗೆ ಹೋಗುವ ದಾರಿಯ (ಪಾತ್) ತಕರಾರು ಅಷ್ಟೇ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ದಾರಿಯಲ್ಲಿನ ಹೆಸರುಗಳನ್ನು ಒಂದೊಂದಾಗಿ ಹುಡುಕುತ್ತದೆ. ನಡುವೆ ಲಿಂಕ್ ಸಿಕ್ಕರೆ ಅದು ತೋರಿಸಿದ ಕಡೆ ತಿರುಗುತ್ತದೆ. ಲಿನಕ್ಸ್‌ನಲ್ಲಿ ಒಂದು ಹುಡುಕಾಟಕ್ಕೆ 40 ಲಿಂಕ್ ಮಾತ್ರ, ಜಾಸ್ತಿಯಾದರೆ ಇಲೂಪ್. ಲಿಂಕ್‌ಗಳು ಒಂದನ್ನೊಂದು ತೋರಿಸುತ್ತಾ ಸುತ್ತಿದರೂ ಹೀಗೇ ಆಗುತ್ತದೆ. 'ನೇಮ್‌ಐ' ಕಮಾಂಡಿಗೆ ಆ ದಾರಿ ಕೊಡಿ, ಹಂತ ಹಂತವಾಗಿ ತೋರಿಸುತ್ತದೆ.

ಇನ್ನೊಂದು ಉತ್ತರ: ತಪ್ಪು ಲಿಂಕ್ ತೆಗೆಯಲು 'ಅನ್‌ಲಿಂಕ್' ಕಮಾಂಡ್ ಸಾಕು. ಫೋಟೋಗಳನ್ನು ಅದು ಮುಟ್ಟುವುದಿಲ್ಲ.

ಕೇಳಿದವರು: ಸಿಕ್ಕಿತು! 'ಮದುವೆ' ಲಿಂಕ್ 'ಹಳೆಯದು' ಕಡೆಗೆ, 'ಹಳೆಯದು' ಮತ್ತೆ 'ಮದುವೆ' ಕಡೆಗೆ ತಿರುಗಿತ್ತು. ಸರಿಮಾಡಿದೆ, ಧಾರೆಯ ಫೋಟೋ ಎಲ್ಲ ಬಂದವು. ತುಂಬಾ ಥ್ಯಾಂಕ್ಸ್.