ಶುಕ್ರನ ಲಕ್ಷ್ಮೀ ಪ್ರಸ್ಥಭೂಮಿಯ ಸುತ್ತ ಪರ್ವತಗಳು ಎದ್ದದ್ದು ಹೇಗೆ?

ಪ್ರಶ್ನೆ (ಸಂಡೂರು): ನಮ್ಮ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಪದರಗಳು ಮಡಚಿಕೊಂಡಿರೋದು ಕಣ್ಣಿಗೇ ಕಾಣುತ್ತೆ. ಶುಕ್ರನಲ್ಲಿ ಭೂಮಿಯಂಥ ಫಲಕ ಚಲನೆ (ಹೊರಪದರದ ದೊಡ್ಡ ತುಂಡುಗಳು ಸರಿದಾಡೋದು) ಇಲ್ಲ. ಹಾಗಾದ್ರೆ 11 ಕಿ.ಮೀ. ಎತ್ತರದ ಮ್ಯಾಕ್ಸ್‌ವೆಲ್ ಪರ್ವತ ಹೇಗೆ?

ಉತ್ತರ (ಗಂಗಾವತಿ): ಚಿಪ್ಪು (ಗ್ರಹದ ಬಂಡೆಯ ಹೊರಪದರ) ಮಡಚೋಕೆ ಅಡ್ಡ ಒತ್ತಡ ಸಾಕು, ಫಲಕದ ಅಂಚೇ ಬೇಕಂತಿಲ್ಲ. ಲಕ್ಷ್ಮೀ ಪ್ರಸ್ಥಭೂಮಿ ಸುಮಾರು 4 ಕಿ.ಮೀ. ಎತ್ತರ, ಸುತ್ತ ಅಕ್ನಾ, ಫ್ರೇಯಾ, ದನು, ಮ್ಯಾಕ್ಸ್‌ವೆಲ್ ಪರ್ವತಗಳು. ಸಮಾನಾಂತರ ಏಣುಗಳೇ ಹಿಂಡಿದ ಗುರುತು. ಕೆಳಗೆ ಮ್ಯಾಂಟಲ್ (ಚಿಪ್ಪಿನಡಿಯ ಬಿಸಿ ಬಂಡೆಯ ಪದರ) ಇಳಿಯುತ್ತಾ ಚಿಪ್ಪನ್ನು ಒಳಕ್ಕೆ ಎಳೆಯಿತೋ, ಏರಿ ಬಂದು ಉಬ್ಬಿಸಿತೋ ಅನ್ನೋ ವಾದ ಇನ್ನೂ ತೀರಿಲ್ಲ. ನನಗೆ ಮೊದಲನೆಯದೇ ಹೆಚ್ಚು ಒಪ್ಪಿಗೆ: ಅಂಚಿನ ಮಡಿಕೆಗಳಿಗೆ ಅದು ನೇರ ಕಾರಣ ಕೊಡುತ್ತೆ. ಆದರೆ 460 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಂಡೆ ಮೆತ್ತಗಾಗಿ ಬೆಟ್ಟ ಕುಸಿದು ಹರಡಬೇಕು. ಇನ್ನೂ ನಿಂತಿದೆ ಅಂದ್ರೆ ಚಿಪ್ಪಿನ ಬಂಡೆ ತೀರಾ ಒಣಗಿ ಗಟ್ಟಿಯಾಗಿರಬೇಕು, ಇಲ್ಲವೇ ಹಿಂಡುವಿಕೆ ಇತ್ತೀಚಿನದು. ನೀರಿಲ್ಲದ್ದರಿಂದ ಸವೆತವೂ ಅತ್ಯಲ್ಪ. ಆನೆಗೊಂದಿಯ ಗುಂಡುಬಂಡೆಗಳು ಇದಕ್ಕೆ ತದ್ವಿರುದ್ಧ, ಸವೆದು ಉಳಿದವು.

ಉತ್ತರ (ರಾಯಚೂರು): ಇಳಿಜಾರು ಲೆಕ್ಕ ಹಾಕುವಾಗ ಎಚ್ಚರ. ಶುಕ್ರನನ್ನು ಸುತ್ತಿದ ಮೆಗಲನ್ ನೌಕೆಯ ರೇಡಾರ್ ಚಿತ್ರ ನೂರು ಮೀಟರ್ ಆಸುಪಾಸಿನ ವಿವರ ಕೊಟ್ಟರೂ, ಎತ್ತರಮಾಪಕದ ಒಂದೊಂದು ಅಳತೆ ಹಲವು ಕಿ.ಮೀ. ಅಗಲದ ಜಾಗದ್ದು. ಕಡಿದಾದ ಅಂಚು ಅದರಲ್ಲಿ ಮೊಂಡಾಗುತ್ತೆ. ಇನ್ನು ರೇಡಾರ್ ಕಡೆಗಿನ ಇಳಿಜಾರು ಚಿತ್ರದಲ್ಲಿ ಕುಗ್ಗಿ ಕಾಣುತ್ತೆ. ಮಡಿಕೆಯ ಅಗಲ ಅಳೆಯೋ ಮುಂಚೆ ತಿದ್ದಿಕೊಳ್ಳಿ.

ಉತ್ತರ (ಹೊಸಪೇಟೆ): ಮಂಗಳನ ಥಾರ್ಸಿಸ್ ಅನ್ನೋ ಉಬ್ಬು ಪ್ರದೇಶವನ್ನು ಇದರ ಜೊತೆ ಸೇರಿಸಬೇಡಿ. ಅದು ಬಹುಪಾಲು ಲಾವಾ ಪೇರಿಸಿ ಎದ್ದದ್ದು.